ಎಂಟು ಗಂಟೆಯ ನೆಪ

ಭಾನುವಾರ ಟೋಕಿಯೋ ಕಡೆ ಹೋಗುವ ಕಾರುಗಳು ಕೊಲ್ಲಿಯ ಸೇತುವೆಯ ಮೇಲೆ ಗಿಜಿಗುಡಬಾರದೆಂದು ಮಧ್ಯಾಹ್ನದ ಟೋಲ್ ಏರಿಸಿದ್ದರು. ರಾತ್ರಿ ಎಂಟು ದಾಟಿದರೆ ಅದರ ಕಾಲುಭಾಗ ಸಾಕು. ಹಾಗಾಗಿ ಕೊಲ್ಲಿಯ ಈಚೆ ದಡದ ಊರು ಕಿಸರಾಜುವಿನ ಟೋಲ್ ಗೇಟಿನ ಹತ್ತಿರ, ಅಂಗಡಿಗಳ ಮುಂದೆಲ್ಲ ಜನ ಕಾರಿನ ಸೀಟು ಒರಗಿಸಿಕೊಂಡು ಎಂಟು ಹೊಡೆಯುವುದನ್ನೇ ಕಾಯುತ್ತಿದ್ದರು. ಕಾರಿಗೆ ದುಡ್ಡನ್ನು ನೀರಿನಂತೆ ಸುರಿದವರೂ ಅಲ್ಲಿ ಆಕಳಿಸುತ್ತ ಕೂತಿರುತ್ತಿದ್ದರು.

ಇಸೊಗಾಯಿ ಮಾತ್ರ ಆ ಏರಿದ ದರಕ್ಕೆ ಮನಸ್ಸಿನಲ್ಲೇ ಕೈಮುಗಿದಿದ್ದ. ವಿಚ್ಛೇದನವಾದ ಮೇಲೆ ಮಗಳು ಮಿನೋರಿ ಕೊಲ್ಲಿಯಾಚೆ ಕವಾಸಾಕಿಯಲ್ಲಿ ತಾಯಿಯ ಜೊತೆಗಿದ್ದಳು. ತಿಂಗಳಿಗೊಂದು ಭಾನುವಾರ ಅವನ ಪಾಲು. ಸಂಜೆ ಐದಕ್ಕೆ ವಾಪಸ್ ಬಿಡಬೇಕೆಂದು ಮಾತಾಗಿತ್ತು. "ಟೋಲ್ ಜಾಸ್ತಿ, ಎಂಟರ ಮೇಲೆ ಹೊರಡ್ತೀನಿ" ಅಂದರೆ ಅವಳ ತಾಯಿ ಕಯೊಕೊ ಗೊಣಗುತ್ತ ಒಪ್ಪುತ್ತಿದ್ದಳು. ಮಗಳು ಇನ್ನಷ್ಟು ಹೊತ್ತು ಇರಲಿ ಎಂದು ನೇರವಾಗಿ ಕೇಳುವ ಬಾಯಿ ಅವನಿಗಿರಲಿಲ್ಲ. ವಾರವಿಡೀ ಪಾರ್ಸೆಲ್ ಹೊತ್ತು ಹಣ್ಣಾದ ಮನುಷ್ಯ, ಜಗಳಕ್ಕೆ ಎಲ್ಲಿಂದ ತ್ರಾಣ ತರುವುದು?

ಇವತ್ತು ಸುಟ್ಟ ಕಪ್ಪೆಚಿಪ್ಪು ತಿನ್ನುತ್ತ ಕೂತಿದ್ದಾಗ ಕಯೊಕೊಳ ಮೆಸೇಜು ಬಂತು: "ಜಾಸ್ತಿ ಟೋಲ್ ನಾನೇ ಕೊಡ್ತೀನಿ. ಈಗ್ಲೇ ಹೊರಡು."

"ನಿಮ್ಮಮ್ಮಂಗೇನಂತೆ ಅಷ್ಟು ಅವಸರ?"

"ಅಮ್ಮ ಅಲ್ಲಪ್ಪ, ನಾನೇ ಕೇಳಿದ್ದು" ಎಂದಳು ಮಿನೋರಿ. "ಪ್ರತಿ ಸಲ ದುಡ್ಡು ಉಳಿಸೋಕೆ ಕಾಯ್ತೀಯ, ಕೂತಲ್ಲೇ ತೂಕಡಿಸ್ತೀಯ. ಆಮೇಲೆ ನನ್ನ ಬಿಟ್ಟು ಒಬ್ನೇ ವಾಪಸ್ ಬರ್ಬೇಕು, ಬೆಳಿಗ್ಗೆದ್ದು ಕೆಲ್ಸ. ಪಾಪ ಅನ್ನಿಸ್ತು. ಏನು ಜುಗ್ಗಪ್ಪ, ಖುಷಿ ಆಯ್ತಾ?"

ಟೋಲಿಗೋಸ್ಕರ ಅಲ್ಲ ಕಣೇ, ನಿನಗೋಸ್ಕರ ಎಂಬ ಮಾತು ಗಂಟಲಿನವರೆಗೆ ಬಂತು. ಹೇಳಿದರೆ ಇಷ್ಟು ದಿನದ ನೆಪ ಬಯಲಾಗುತ್ತದೆ, ಕಯೊಕೊಳ ಕಿವಿಗೂ ಬೀಳುತ್ತದೆ. ಅಷ್ಟು ಮುತುವರ್ಜಿಯಿಂದ ಮಗು ಮಾಡಿದ ಉಪಕಾರ ಬೇರೆ. ದಣಿದವನಿಗೆ ಸುಮ್ಮನಿರುವುದೇ ಸುಲಭ.

"ಹ್ಞೂಂ, ಖುಷಿ ಆಯ್ತು" ಎಂದು ಎದ್ದ.

ಗೇಟಿನ ಅಡ್ಡಗೋಲು ಮೇಲೆದ್ದಿತು. ಎಂಟಕ್ಕೆ ಹೊರಟಿದ್ದರೆ ಕಾದವರೆಲ್ಲ ಒಟ್ಟಿಗೇ ನುಗ್ಗುವಾಗ ಅಪ್ಪ ಮಗಳು ಸೇತುವೆಯ ಮೇಲೆ ಇನ್ನೊಂದಿಷ್ಟು ಹೊತ್ತು ಜೊತೆಗೆ ಸಿಕ್ಕಿಬೀಳಬಹುದಿತ್ತು. ಈಗ ರಸ್ತೆ ಬಿಕೋ ಎನ್ನುತ್ತಿತ್ತು.

"ನೋಡಪ್ಪ, ಎಷ್ಟು ಬೇಗ ಹೋಗ್ತಾ ಇದ್ದೀವಿ!"

ಇಸೊಗಾಯಿ ಎಡಕ್ಕೆ ಸರಿದು ವೇಗ ಇಳಿಸಿದ. ಹಿಂದಿನ ಕಾರು ಸಲೀಸಾಗಿ ದಾಟಿ ಹೋಯಿತು. ದರ ಏರಿಸಿದವರ ಲೆಕ್ಕ ಸರಿಯಾಗಿಯೇ ಇತ್ತು. ಎಲ್ಲೂ ಒಂದು ಗಳಿಗೆಯೂ ನಿಲ್ಲಬೇಕಾಗಿ ಬರಲಿಲ್ಲ. ಅವಳ ಮನೆ ಬಂದೇಬಿಟ್ಟಿತು.