ಬೀಗದವನ ಬಿಳಿ ಅಂಗಿ

ಭಾವ ಬೀರುವಿನ ಬಾಗಿಲ ಸಂದಿಗೆ ಹಾರೆ ತುರುಕಿದ್ದರು. ಸತ್ತ ತಮ್ಮನಿಗೆ ಕೊನೆಯದಾಗಿ ತೊಡಿಸಬೇಕಾದ ಬಿಳಿ ಅಂಗಿ ಒಳಗಿತ್ತು. ಬೀಗದ ಕೈ ಮಾತ್ರ ಎಲ್ಲೂ ಸಿಗಲಿಲ್ಲ. ಊರವರ ಬೀಗವನ್ನೆಲ್ಲ ತೆಗೆದುಕೊಟ್ಟವನ ಮನೆಯಲ್ಲೇ ಹೀಗಾಯಿತಲ್ಲ ಎಂದು ನೆರೆಯವರೊಬ್ಬರು ನಕ್ಕು, ಕೂಡಲೇ ಬಾಯಿ ಮುಚ್ಚಿಕೊಂಡರು.

"ಹಾರೆ ತೆಗೀರಿ ಭಾವ," ಎಂದಳು ಸತ್ತವನ ಹೆಂಡತಿ.

"ಹೊತ್ತಾಗ್ತಿದೆಯಮ್ಮ, ಜನ ಕಾಯ್ತಿದಾರೆ. ಒಂದು ಬಾಗಿಲು ತಾನೆ?"

"ಅವರು ಜೀವಮಾನದಲ್ಲಿ ಯಾರ ಬಾಗಿಲೂ ಒಡೆದವರಲ್ಲ. ಅವರ ಬೀರು ಒಡೆಯೋಕೆ ನಾನು ಬಿಡಲ್ಲ."

ಭಾವ ಹಾರೆ ಹೊರಗೆಳೆದುಕೊಂಡು, ದೇವರ ಇಚ್ಛೆಯ ಮುಂದೆ ಯಾರದೇನು ನಡೆಯುತ್ತದೆ ಎಂದು ಕೂಡಿದವರಿಗೆ ಹೇಳತೊಡಗಿದರು. ಎದೆ ಸೀಳಿಸದೆ ತಮ್ಮನನ್ನು ನೆಮ್ಮದಿಯಾಗಿ ಕಳಿಸಿದೆವಲ್ಲ, ಅದೇ ಸಮಾಧಾನ ಎಂದರು.

*

ಆ ಮನೆಯಲ್ಲಿ ದೊಡ್ಡವರ ಜೊತೆ ಮಾತಾಡುವುದೆಲ್ಲ ಅಣ್ಣನ ಪಾಲು. ಆಸ್ಪತ್ರೆಯಲ್ಲೂ ಗಂಡ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕುಳಿತರು. ಒಳಗೆ ಹೋದವರು ಭಾವ. ಹೃದಯದ ಕವಾಟ ಗಟ್ಟಿಯಾಗಿ ಕಿರಿದಾಗಿದೆ, ಹೊಸದು ಹಾಕಬೇಕು ಎಂದು ಡಾಕ್ಟರು ಅನ್ನುತ್ತಲೇ ಅವರು ಎದ್ದುಬಿಟ್ಟರು. ಎದೆ ಕುಯ್ಯುವುದು ಬೇಡ, ಅವನಿಗೂ ಇಷ್ಟವಿಲ್ಲ ಎಂದರು. ಡಾಕ್ಟರ ಉಳಿದ ಮಾತು ಅವರ ಬೆನ್ನಿಗೆ ಬಿತ್ತು. ಮತ್ತೆ ಫೋನು ಬಂದಾಗಲೂ ಪೂರ್ತಿ ಕೇಳದೆ ಇಟ್ಟರು. ಅಣ್ಣ ಎಲ್ಲ ವಿಚಾರಿಸಿಯೇ ಇರುತ್ತಾನೆಂದು ನಂಬಿದ ತಮ್ಮ, ಮೆಟ್ಟಿಲು ಮೆಟ್ಟಿಲಿಗೂ ಕೂತು ಏದುಸಿರು ಬಿಡುತ್ತ ದಿನ ನೂಕಿದ.

ನಿನ್ನೆ ಎಲ್ಲ ಮುಗಿದ ಮೇಲೆ ಡಾಕ್ಟರು ಅವಳನ್ನೇ ಕೂರಿಸಿ ಹೇಳಿದರು. ಎದೆ ಕುಯ್ಯುವ ಮಾತೇ ಇರಲಿಲ್ಲ. ತೊಡೆಯ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ, ಮಡಿಸಿದ ಕವಾಟವನ್ನು ಹೃದಯದವರೆಗೆ ಕಳಿಸಿ, ಅಲ್ಲೇ ಬಿಡಿಸಿ ಕೂರಿಸಬಹುದಿತ್ತು.

ಬೀಗದ ತೂತಿಗೆ ತಂತಿ ತೂರಿಸಿಯೇ ಬದುಕಿದವನು ಅವನು. ಇದನ್ನು ಕೇಳಿದ್ದರೆ, ನಮ್ಮ ಕಸುಬಿನವರೇ ಸಿಕ್ಕರು ನೋಡೆಂದು ನಕ್ಕು ಆಸ್ಪತ್ರೆಯ ಮಂಚ ಹತ್ತುತ್ತಿದ್ದ.

*

ಅವಳು ಗಂಡನ ಕೆಲಸದ ಚೀಲದಿಂದ ಬಾಗಿದ ತಂತಿಯೊಂದನ್ನು ತೆಗೆದು ಬೀರುವಿನ ಬೀಗದೊಳಗೆ ಆಡಿಸಿದಳು. ಬಹಳ ಹೊತ್ತಿನ ಮೇಲೆ ಬೀಗ ಕಟಕ್ಕೆಂದಿತು.

ಅಂಗಿ ತೊಡಿಸಿದಳು. ಗುಂಡಿ ಹಾಕಲಿಲ್ಲ.

"ದೇವರ ಮೇಲೆ ಹಾಕಬೇಡಿ ಭಾವ. ಅವನು ದಾರಿ ತೋರಿಸಿದ್ದ. ನೀವು ಕೂತು ಕೇಳಲಿಲ್ಲ. ಹತ್ತಿರ ಬಂದು ನೋಡಿ, ಏನು ಉಳಿಸಿಕೊಟ್ರಿ ಅಂತ."

ಹಾರೆ ಹಿಡಿದುಕೊಂಡೇ ಭಾವ ಮುಂದೆ ಬಂದರು. ತೆರೆದ ಬಿಳಿ ಅಂಗಿಯ ನಡುವೆ, ಒಂದು ಗೀರೂ ಇಲ್ಲದ ಎದೆ.