ಇಲ್ಲ ಎಂದರೆ ಎಷ್ಟು

ಹೆಡ್‌ಫೋನಿನ ಎಡಗಿವಿ ಮತ್ತೆ ಕೈಕೊಟ್ಟಿದೆ, ವೈರನ್ನು ಸ್ವಲ್ಪ ತಿರುಚಿ ಹಿಡಿದರೆ ಜೀವ ಬರುತ್ತದೆ, ಬಿಟ್ಟರೆ ಹೋಗುತ್ತದೆ, ಇಡೀ ದೇಶದ ಸಂಶೋಧನೆಯ ದತ್ತಾಂಶವನ್ನೆಲ್ಲ ಗುಡ್ಡೆ ಹಾಕಿಕೊಂಡು ಕೂತ ಕಚೇರಿಗೆ ನೆಟ್ಟಗಿನ ಒಂದು ಹೆಡ್‌ಫೋನು ಕೊಳ್ಳುವ ಯೋಗ್ಯತೆಯಿಲ್ಲ — ಗಾಜಿನಾಚೆ ಯಂತ್ರಗಳು ಗುಂಯ್‌ಗುಡುತ್ತಿವೆ, ಬಾವಿಗಳ ನೀರಿನ ಮಟ್ಟ, ಮಕ್ಕಳ ತೂಕ, ನಕ್ಷತ್ರಗಳ ಬೆಳಕು, ಎಲ್ಲ ಅಲ್ಲೇ, ಎಲ್ಲಕ್ಕೂ ಅಂಕ ಹಾಕುವುದು ಅವಳ ಕೆಲಸ, ಅಂಕ ಕಡಿಮೆ ಬಂದದ್ದನ್ನು ಅಳಿಸಿ ಜಾಗ ಖಾಲಿ ಮಾಡುವುದೂ ಅವಳದ್ದೇ, ಮಧ್ಯಾಹ್ನದ ಊಟದೊಳಗೆ ಗುಂಡಿ ಒತ್ತಬೇಕು, ಅಳಿಯಲಿರುವ ಸಾಲಿನಲ್ಲಿ ಚಿಕ್ಕಮ್ಮನ ಕೆರೆಯಿದೆ. ಚಿಕ್ಕಮ್ಮ, ಪ್ರಾಣಿಶಾಸ್ತ್ರದವಳು, ಅಮ್ಮ ಹೋದ ಮೇಲೆ ಇವಳನ್ನು ಬೆನ್ನಿಗೆ ಕಟ್ಟಿಕೊಂಡೇ ಕೆರೆ ದಂಡೆಗೆ ಹೋದವಳು, ಸಂಜೆ ಹೊತ್ತು ಕೂತು ಕಪ್ಪೆಗಳ ಕೂಗು ಎಣಿಸಿ ಬರೆದವಳು, ಇವಳು ಮೂಗು ಎಳೆದುಕೊಂಡರೂ ಗದರುತ್ತಿದ್ದಳು, ಶ್, ಸುಮ್ನಿರೇ, ಅವು ಮಾತಾಡ್ತಿವೆ — ಶುರುವಿನ ವರ್ಷಗಳಲ್ಲಿ ಬರೀ ಸಂಖ್ಯೆ, ಆಮೇಲೆ ಸಂಖ್ಯೆಯ ಜಾಗದಲ್ಲಿ ಒಂದೊಂದೇ ಇಲ್ಲ ಎಂಬ ಬರಹ, ಸೀಟಿ ಊದಿದಂತೆ ಕೂಗುವ ಪುಟಾಣಿ ಕಪ್ಪೆ ಮೊದಲು ಇಲ್ಲ, ಆಮೇಲೆ ಅದಕ್ಕಿಂತ ತುಸು ದಪ್ಪ ದನಿಯದ್ದು ಇಲ್ಲ, ಕೊನೆಗೆ ಉಳಿದದ್ದು ಡೋಲಿನ ದನಿಯ ದೊಡ್ಡಣ್ಣ ಮಾತ್ರ, ಸಾಲು ಸಾಲು ಇಲ್ಲ. ಅಕ್ಷರ ಇದ್ದರೆ ಯಂತ್ರಕ್ಕೆ ಲೆಕ್ಕ ಬರುವುದಿಲ್ಲ, ಅದಕ್ಕೇ ಮೇಲಧಿಕಾರಿ, ಎಲ್ಲರೂ ಬೆನ್ನ ಹಿಂದೆ ತಕ್ಕಡಿ ಎಂದು ಕರೆಯುವವರು, ನಿಯಮ ಮಾಡಿದ್ದರು, ಇಲ್ಲ ಅಂತ ಇದ್ದ ಕಡೆಯೆಲ್ಲ ಸೊನ್ನೆ ಹಾಕಿ, ಇಲ್ಲ ಅಂದ್ರೆ ಇಲ್ಲ, ಅದರಲ್ಲೇನ್ರೀ ವೇದಾಂತ, ನಿಯಮ ದೇಶದ ಎಲ್ಲ ಕಡತಗಳ ಮೇಲೂ ಓಡಿತು, ಅಂಕ ಕುಸಿದು ಲೆಕ್ಕದಲ್ಲಿ ಕೆರೆ ಸತ್ತಿತು. ಚಿಕ್ಕಮ್ಮನೂ ಒಪ್ಪಿಬಿಟ್ಟಳು, ಫೋನಿನಲ್ಲಿ ಕಿರುಚಿ ಕಿರುಚಿ, ಸತ್ತ ಕೆರೆಗ್ಯಾಕೆ ಜಾಗ, ತೆಗೆದುಬಿಡು, ನಾನೇ ಬಂದು ಸಹಿ ಹಾಕ್ತೀನಿ, ಗಟ್ಟಿಯಾಗಿ ಮಾತಾಡೇ, ನಿಮ್ಮಲ್ಲಿ ಲೈನೇ ಸರಿಯಿಲ್ಲ — ಲೈನು ಸರಿಯಾಗೇ ಇತ್ತು. ಅಯ್ಯೋ ದೇವರೇ, ಲೈನು ಸರಿಯಾಗೇ ಇತ್ತಲ್ಲ.

ಅಳಿಸುವ ಮೊದಲು ಒಂದು ಸಲ ಕೇಳಿಬಿಡೋಣ ಎನಿಸಿತ್ತು ಅಷ್ಟೇ, ಕೆರೆ ದಂಡೆಯಲ್ಲಿಟ್ಟ ರೆಕಾರ್ಡರ್ ಪೆಟ್ಟಿಗೆ ತಾನಾಗಿ ಹಿಡಿದಿಟ್ಟ ದನಿ, ಬರೆದದ್ದು ಕೈಯಲ್ಲಿದ್ದಾಗ ದನಿಯನ್ನು ಯಾರು ಕೇಳುತ್ತಾರೆ, ಕಳೆದ ವಾರದ್ದೇ, ಇಲ್ಲ ಎಂದು ಬರೆದ ಸಂಜೆಯದ್ದೇ, ಬಲಗಿವಿಯಲ್ಲಿ ಸೀಟಿ! ಒಂದಲ್ಲ, ಕೆರೆಯ ತುಂಬ ಸೀಟಿ, ಒಂದು ನಿಲ್ಲಿಸುವುದರೊಳಗೆ ಇನ್ನೊಂದು, ಜಗಳ ಕಾಯುವ ಹಾಗೆ, ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು, ಹಾಗಾದರೆ ಚಿಕ್ಕಮ್ಮ ಬರೆದದ್ದು ಕಪ್ಪೆ ಇಲ್ಲ ಅಂತಲ್ಲ, ಕೇಳಿಸಲಿಲ್ಲ ಅಂತ, ಅವಳಿಗೇ ಗೊತ್ತಿಲ್ಲದೆ, ಸಣ್ಣ ದನಿ ಮೊದಲು, ದಪ್ಪ ದನಿ ಆಮೇಲೆ, ಸಾಲು ಸಾಲಾಗಿ ಬಡವಾದದ್ದು ಕೆರೆಯಲ್ಲ. ಬಾವಿಗಳವರೂ ಇಲ್ಲ ಎಂದೇ ಬರೆದಿರುತ್ತಾರೆ, ನೀರಿಲ್ಲವೋ, ಗೇಟಿಗೆ ಬೀಗ ಹಾಕಿದ್ದರಿಂದ ಅಳೆಯಲೇ ಇಲ್ಲವೋ, ನಾವು ಎಲ್ಲದಕ್ಕೂ ಒಂದೇ ಸೊನ್ನೆ ಬಳಿದೆವು, ತಕ್ಕಡಿಯವರ ಕೋಣೆಗೆ ಓಡಿದಳು, ಸರ್, ನಾನು ಗುಂಡಿ ಒತ್ತಲ್ಲ, ಏನಮ್ಮಾ ಕೊನೇ ಗಳಿಗೆಯಲ್ಲಿ ನಿನ್ನ ರಗಳೆ, ಗೊಣಗಿಕೊಂಡೇ ಬಂದು ಹೆಡ್‌ಫೋನು ಕಿವಿಗಿಟ್ಟುಕೊಂಡರು, ಅದೇ ಸಂಜೆಯ ಸಾಲಿನಲ್ಲಿದ್ದ ಸೊನ್ನೆ ನೋಡಿದರು, ಕನ್ನಡಕ ತೆಗೆದು ಒರೆಸಿದರು, ದೇಶದ ತುಂಬ ಇಂಥ ಇಲ್ಲ ಎಷ್ಟಿದ್ದಾವೋ? ಗೊತ್ತಿಲ್ಲ ಸರ್, ಸೊನ್ನೆ ತೆಗೆದು, ಇಲ್ಲ ಅಂತ ಬರೆದವರನ್ನೇ ಕೇಳೋಣ. ವರ್ಷ ಹಿಡಿಯುತ್ತಲ್ಲಮ್ಮಾ. ಹಿಡೀಲಿ ಸರ್. ಅವರು ತಲೆ ಕೆರೆದುಕೊಂಡರು, ಸರಿ, ಅಳಿಸೋದು ನಿಲ್ಸು, ಮೇಲಿನವರ ಬೈಗುಳ ನಾನು ತಿಂತೀನಿ — ತಕ್ಕಡಿಗೂ ಕರುಳಿದೆ! ಆದರೆ ಚಿಕ್ಕಮ್ಮನಿಗೆ ಹೇಳುವುದು ಹೇಗೆ, ಕಪ್ಪೆ ಇವೆ ಎಂದರೆ ನಿನ್ನ ಕಿವಿ ಹೋಗಿದೆ ಎಂದೇ ಹೇಳಿದ ಹಾಗೆ, ಕಿವಿಯಿಂದಲೇ ಬದುಕಿದವಳಿಗೆ, ಅಗೋ ಬಂದೇಬಿಟ್ಟಳು, ಕೈಯಲ್ಲಿ ಪೆನ್ನು ಹಿಡಿದೇ, ಎಲ್ಲೇ ಸಹಿ ಹಾಕೋದು?

ಕಪ್ಪೆ ಇದಾವೆ ಚಿಕ್ಕಮ್ಮ. ಉಪ್ಪಾ? ಮನೇಲಿದೆಯಲ್ಲೇ. ಉಪ್ಪಲ್ಲ, ಕಪ್ಪೆ! ಮಾತು ಬೇಡ ಎಂದುಕೊಂಡು ಸ್ಪೀಕರು ಮೇಜಿನ ಮೇಲಿಟ್ಟಳು, ಸೀಟಿಯನ್ನು ಎಳೆದು ನಿಧಾನ ಮಾಡಿದಳು, ನಿಧಾನವಾದಷ್ಟೂ ದನಿ ಕೆಳಗಿಳಿಯುತ್ತದೆ, ದಪ್ಪವಾಗುತ್ತದೆ, ಚಿಕ್ಕಮ್ಮನ ಅಂಗೈ ಹಿಡಿದು ಸ್ಪೀಕರಿನ ಮೇಲಿಟ್ಟಳು, ಅಂಗೈ ಬೆಚ್ಚಿತು, ಎತ್ತಲಿಲ್ಲ, ಸೀಟಿ ಕಪ್ಪೆಯದ್ದೇ ಲಯವಲ್ಲೇ, ಇದು ಯಾವತ್ತಿಂದೇ? ಪರದೆಯ ಮೇಲಿನ ತಾರೀಕು ತೋರಿಸಿದಳು, ಚಿಕ್ಕಮ್ಮ ಓದಿದಳು, ಮತ್ತೊಮ್ಮೆ ಓದಿದಳು, ಅವತ್ತು ನಾನಲ್ಲೇ ಇದ್ನಲ್ಲೇ — ಬಣ್ಣ ಇಳಿದ ಮುಖ, ಈಗ ಒಡೆದುಹೋಗುತ್ತಾಳೆ, ಈಗ — ಆದರೆ ತುಟಿಯ ಮೂಲೆಯಲ್ಲೊಂದು ನಗು, ಅಂದ್ರೆ ಕೆಟ್ಟಿದ್ದು ಕೆರೆ ಅಲ್ಲ, ನಾನು. ಹೂಂ ಚಿಕ್ಕಮ್ಮ. ನಾನು ಮಾತ್ರಾನಾ? ನೀನು ಮಾತ್ರ. ಸದ್ಯ, ಬದುಕಿದೆ ಬಿಡೇ, ಎಂದಳು ಚಿಕ್ಕಮ್ಮ, ಕಿವಿಗೊಂದು ಮಶೀನು ಹಾಕಿಸ್ಕೊಂಡ್ರೆ ಆಯ್ತು, ಕೆರೆಗೆ ಮಶೀನು ಎಲ್ಲಿಂದ ತರ್ತಿದ್ವಿ — ಸ್ಪೀಕರು ಇನ್ನೂ ನಡುಗುತ್ತಿದೆ, ಕೂಗು, ಬಿಡುವು, ಕೂಗು, ಊಟಕ್ಕೆ ಕರೆಯಬೇಕು, ಕಿವಿ ಡಾಕ್ಟರಿಗೆ ಫೋನು ಮಾಡಬೇಕು, ಸೊನ್ನೆಗಳನ್ನೆಲ್ಲ ಬಿಡಿಸಬೇಕು, ಬಾವಿಗಳು, ಮಕ್ಕಳು, ಎಲ್ಲಿಂದ ಶುರು, ಎಲ್ಲಿಂದಾದರೂ — ಆ ಅಂಗೈ, ಬೆರಳಗಲಿಸಿ, ಸ್ಪೀಕರಿನ ಮೇಲೆ, ಒಂದು ನಡುಕ, ಬಿಡುವು, ಮತ್ತೆ ನಡುಕ, ಎತ್ತಲೊಲ್ಲದ ಆ ಅಂಗೈ.