ತಬ್ಬಿದಾಗ ಗೊತ್ತಾಗಬಾರದ ಜೇಬು

ಎಡಕ್ಕೆ ಎಳೆಯುತ್ತಿದೆ, ಒಂದು ಬೆರಳಿನಷ್ಟು, ಕನ್ನಡಿಯಲ್ಲಿ ಕಾಣುತ್ತಿದೆ, ಕಾಲರಿನಿಂದ ಕಂಕುಳಿಗೆ ಒಂದು ಓರೆ ಗೆರೆ, ದಿಶ್ದಾಶಾದ, ಈ ಅರಬ್ಬೀ ನಿಲುವಂಗಿಯ, ತೆಳು ಬಿಳಿ ಬಟ್ಟೆಯೇ ಹೀಗೆ, ಒಳಗಿಟ್ಟದ್ದನ್ನೆಲ್ಲ ಹೊರಗೆ ಹೇಳಿಬಿಡುತ್ತದೆ, ಪೆನ್ನು, ಕೀಗೊಂಚಲು, ಸಿಗರೇಟು ಪ್ಯಾಕು, ಇನ್ನು ಪಿಸ್ತೂಲನ್ನು ಬಿಟ್ಟೀತೇ — ಫೀ ಮುಶ್ಕಿಲಾ, ಮೋನಪ್ಪ? ಇಲ್ಲ ಅರ್ಬಾಬ್, ತೊಂದರೆ ಏನಿಲ್ಲ, ಜೇಬನ್ನು ಸ್ವಲ್ಪ ಹಿಂದಕ್ಕೆ ತರಬೇಕು, ಅಷ್ಟೇ, ಎನ್ನುತ್ತದೆ ನನ್ನ ಬಾಯಿ, ಬಾಯಲ್ಲಿ ನಾಲ್ಕು ಗುಂಡುಸೂಜಿಗಳಿವೆ, ಇದ್ದದ್ದು ಒಳ್ಳೆಯದೇ ಆಯಿತು, ಹೆಚ್ಚು ಮಾತು ಹೊರಡುವುದಿಲ್ಲ. ಬದರ್ ಕನ್ನಡಿಯಲ್ಲಿ ತನ್ನನ್ನು ನೋಡಿಕೊಳ್ಳುತ್ತಿಲ್ಲ, ನನ್ನನ್ನು ನೋಡುತ್ತಿದ್ದಾನೆ. ನನಗೆ ವೀಸಾ, ಅಂಗಡಿಗೆ ಲೈಸೆನ್ಸು ಕೊಡಿಸಿದ ಕಫೀಲ್ ಮುಹಮ್ಮದರ ತಮ್ಮ, ಒಂಬತ್ತು ವರ್ಷದಲ್ಲಿ ಈ ಅಂಗಡಿಗೆ ಒಮ್ಮೆಯೂ ಕಾಲಿಡದವನು, ಇವತ್ತು ಉಪವಾಸದ ಮಧ್ಯಾಹ್ನ, ಈದ್‌ಗೆ ಇನ್ನು ಮೂರೇ ದಿನ, ರಾಯ್ ಬಡಾವಣೆಯ ಗ್ಯಾರೇಜು ಸಾಲಿನ ಕೊನೆಯಲ್ಲಿರುವ ನನ್ನನ್ನು ಹುಡುಕಿಕೊಂಡು ಬಂದ, ಅವನ ಮನೆ ಹತ್ತಿರ ದರ್ಜಿಗಳೇ ಇಲ್ಲವೇ, ಬಾಗಿಲಿಗೆ ತಾನೇ ಚಿಲಕ ಹಾಕಿದ, ಮೇಜಿನ ಮೇಲೆ ಕರವಸ್ತ್ರ ಬಿಚ್ಚಿದ, ಕನ್ನಡಕದ ಪೆಟ್ಟಿಗೆ ತೋರಿಸಿದ ಹಾಗೆ ತೋರಿಸಿ, ಇದಕ್ಕೊಂದು ಒಳಜೇಬು ಬೇಕು ಎಂದ. ನಾನು ಮುಟ್ಟಿದೆ. ಮುಟ್ಟಬಾರದಿತ್ತು, ಆದರೆ ಅಳತೆ ತೆಗೆಯದೆ ಜೇಬು ಹೊಲಿಯುವುದು ಹೇಗೆ, ಟೇಪು ಕೈಗೆ ಬಂದರೆ ನನಗೆ ಬೇರೇನೂ ಹೊಳೆಯುವುದಿಲ್ಲ, ಉದ್ದ ನಾಲ್ಕೂಮುಕ್ಕಾಲು ಇಂಚು, ಎತ್ತರ ಮೂರೂವರೆ, ದಪ್ಪ ಒಂದು ಇಂಚಿಗೂ ಕಡಿಮೆ, ನನ್ನ ಕತ್ತರಿಗಿಂತ ಹಗುರ, ಅಂಚುಗಳೆಲ್ಲ ಉಜ್ಜಿ ನಯ ಮಾಡಿದ್ದು, ಹಿಂಭಾಗದಲ್ಲಿ ದಾರಕ್ಕೆ ಸಿಕ್ಕಿಕೊಳ್ಳುವಂಥದ್ದು ಏನೂ ಇಲ್ಲ, ಮೇಲೆ ಮುಂದುಗಡೆ ಮಾತ್ರ ಅಕ್ಕಿಕಾಳಿನಷ್ಟು ಒಂದು ಉಬ್ಬು, ಗುರಿ ನೋಡಲಿಕ್ಕಿರಬೇಕು, ಎಳೆಯುವಾಗ ಬಟ್ಟೆ ಹಿಡಿಯುತ್ತದೆ, ಒಳಗೆ ಸ್ಯಾಟಿನ್ ಕೊಡಬೇಕು. ಚೊಕ್ಕ ಕೆಲಸ ಎಂದು ಮನಸ್ಸು ಮೆಚ್ಚಿಯೂ ಮೆಚ್ಚಿತು, ಥೂ. ನಳಿಗೆಯ ಬಾಯಿಗೆ ಪೆನ್ಸಿಲ್ ಕೂಡ ತೂರುವುದಿಲ್ಲ. ಇಷ್ಟು ಸಣ್ಣದರಲ್ಲಿ ಏನಾಗುತ್ತದೆ ಅರ್ಬಾಬ್, ಅಂದೆ, ನಕ್ಕ. ದೂರಕ್ಕೆ ಏನೂ ಆಗುವುದಿಲ್ಲ ಮೋನಪ್ಪ, ಹತ್ತಿರಕ್ಕೆ ಸಾಕು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳದೆ ಇದ್ದದ್ದಕ್ಕೆ ಅವನೇ ಹೇಳಿದ, ಮರುಭೂಮಿಯಲ್ಲಿ ನಮ್ಮ ಕುರಿದೊಡ್ಡಿಗೆ ನಾಯಿಗಳು ಬರುತ್ತವೆ. ಗುಂಡು ತೆಗೆದಿಟ್ಟಿದ್ದೇನೆ ಎಂದೂ ಹೇಳಿದ, ತೆಗೆದದ್ದನ್ನು ನಾನು ನೋಡಿಲ್ಲ.

ಫೋನ್ ಮೇಜಿನ ಮೇಲೆ ನಡುಗುತ್ತದೆ, ಸುಗಂಧಿ, ಹೆಂಡತಿಯ ಫೋನು ತೆಗೆಯದಿದ್ದರೆ ಇವನಿಗೆ ಅನುಮಾನ, ತೆಗೆದರೂ ಅನುಮಾನ — ಎಂತ ಮಾರಾಯ್ರೆ, ಬಾಗಿಲು ಹಾಕಿದ್ದೀರಂತೆ, ಗ್ಯಾರೇಜಿನ ಬರ್ನಾರ್ಡರು ಬಡಿದು ಬಡಿದು ವಾಪಸ್ ಹೋದ್ರಂತೆ, ನಿದ್ದೆಯಾ? ಅಲ್ಲ, ಗಿರಾಕಿ ಇದ್ದಾರೆ. ಬಾಗಿಲು ಹಾಕಿ ಯಾವ ಗಿರಾಕಿ, ಹೆಂಗಸಾ? ಅವಳು ನಗುತ್ತಾಳೆ, ಹಿಂದಿನಿಂದ ಮಗಳು ಅಕ್ಷಿತಾ, ಪಪ್ಪಾ, ಡೋಂಟ್ ಬಿ ಲೇಟ್, ಇಡುತ್ತೇನೆ, ಇಟ್ಟೆ. ಯಾರದು? ಮದಾಮ್, ಅರ್ಬಾಬ್. ಏನು ಹೇಳಿದೆ? ಗಿರಾಕಿ ಎಂದೆ. ಹೆಸರು? ಹೇಳಲಿಲ್ಲ. ತುಳುವಿನಲ್ಲಿ ಆಡಿದ್ದು ಇವನಿಗೆ ತಿಳಿಯದು, ಅದಕ್ಕೇ ನನ್ನ ತುಟಿಗಳನ್ನೇ ನೋಡುತ್ತಿದ್ದ. ಎದೆಯ ಮೇಲೆ ಜೇಬು ಬೇಡ, ಈದ್ ದಿನ ಎಲ್ಲರೂ ತಬ್ಬುತ್ತಾರೆ, ತಬ್ಬಿದಾಗ ಗೊತ್ತಾಗಬಾರದು, ಎಂದನಲ್ಲ, ನನ್ನ ಕೈ ನಿಂತದ್ದು ಆಗ. ನಾಯಿಗಳನ್ನು ಯಾರೂ ತಬ್ಬುವುದಿಲ್ಲ. ಈದ್ ಬೆಳಿಗ್ಗೆ ಮನೆಯ ದಿವಾನಿಯಾದ, ಗಂಡಸರು ಕೂಡುವ ಹಜಾರದ, ಬಾಗಿಲಲ್ಲಿ ನಿಂತು ಬಂದ ಗಂಡಸರನ್ನೆಲ್ಲ ಬರಮಾಡಿಕೊಳ್ಳುವವರು ಮುಹಮ್ಮದರು, ಮೂಗಿಗೆ ಮೂಗು ತಾಗಿಸಿ, ಎದೆಗೆ ಎದೆ ಒತ್ತಿ, ಅರ್ಧಂಬರ್ಧ ತಬ್ಬಿ ಅವರಿಗೆ ಗೊತ್ತೇ ಇಲ್ಲ, ಅಕ್ಷಿತಾ ಹುಟ್ಟಿದಾಗ ನನ್ನನ್ನೂ ಒತ್ತಿಹಿಡಿದಿದ್ದರು, ಎರಡು ದಿನ ನನ್ನ ಅಂಗಿಯಲ್ಲಿ ಅವರ ಅತ್ತರು. ಅಪ್ಪ ತೀರಿಕೊಂಡ ಮೇಲೆ ಕಟ್ಟಡಗಳ ಪಾಲಿಗೆ ಕೋರ್ಟು ಹತ್ತಿದ ಅಣ್ಣ ತಮ್ಮ, ವರ್ಷದಲ್ಲಿ ಹತ್ತಿರ ಬರುವುದು ಅಲ್ಲಿ ಮಾತ್ರ. ಹತ್ತಿರಕ್ಕೆ ಸಾಕು. ಅಥವಾ ಎಲ್ಲ ನನ್ನ ತಲೆಯಲ್ಲೇ ಇರುವುದೋ, ಇಂಥವರಿಗೆ ಶೋಕಿ ಇರುತ್ತದೆ, ಹೊಸ ಗಡಿಯಾರ ಕಟ್ಟಿದ ಹಾಗೆ ಇದನ್ನೂ ಇಟ್ಟುಕೊಂಡು ಓಡಾಡಿ ಬರುತ್ತಾನೋ, ಅಥವಾ ಮೋನಪ್ಪ ಯಾರ ಕಡೆಯವನೆಂದು ನೋಡಲು ಮುಹಮ್ಮದರೇ ಕಳಿಸಿದ್ದಾರೋ. ಹೋಗಿ ಹೇಳಿಬಿಟ್ಟರೆ? ನಂಬದಿದ್ದರೆ ಸಂಜೆಯೊಳಗೆ ಇಕಾಮಾ, ಈ ದೇಶದಲ್ಲಿರುವ ಪರವಾನಗಿ, ಖಲಾಸ್, ತಮ್ಮನ ಮೇಲೆ ಚಾಡಿ ಹೇಳಿದ ದರ್ಜಿ, ನಂಬಿದರೆ ಮೊದಲ ಪ್ರಶ್ನೆ, ಜೇಬು ಹೊಲಿದವರು ಯಾರು. ಸುಮ್ಮನಿದ್ದರೆ ಮುಹಮ್ಮದರು ಹೋಗುತ್ತಾರೆ, ಅಂಗಡಿ, ಲೈಸೆನ್ಸು, ನಾನು, ಎಲ್ಲ ಇವನ ಕೈಗೆ.

ಮೂರು ಇಂಚು ಹಿಂದೆ ಸರಿಸಿದರೆ, ಕಂಕುಳ ಕೆಳಗಿನ ತಗ್ಗಿನಲ್ಲಿ, ಯಾವ ಎದೆಗೂ ತಾಗದು, ಸೂಜಿ ಹಾಕುವಾಗಲೇ ಗೊತ್ತಿತ್ತು, ಸರಿಸಿದ್ದು ಒಂದೇ ಇಂಚು, ಭುಜದೊಳಗೆ ಒಂದು ಪಟ್ಟಿ ಕೊಟ್ಟು ಭಾರ ಹೊರಿಸಿದೆ, ಕನ್ನಡಿಯಲ್ಲಿ ಗೆರೆ ಮಾಯ, ಕಣ್ಣಿಗೇನೂ ಕಾಣುವುದಿಲ್ಲ, ಅವನು ತಿರುಗಿ ನೋಡಿಕೊಂಡ, ಕೈ ಎತ್ತಿ ಇಳಿಸಿದ, ಮುಂತಾಜ್, ಬಹಳ ಚೆನ್ನಾಗಿದೆ, ಎಂದ, ಈಗ ಬಾ. ಎಲ್ಲಿಗೆ ಅರ್ಬಾಬ್? ಇಲ್ಲಿಗೆ, ತಬ್ಬು, ನೀನೇ ನೋಡಿ ಹೇಳು, ಹೊಲಿದವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಾಗುತ್ತದೆ, ಎರಡೂ ತೋಳು ತೆರೆದಿದ್ದಾನೆ, ಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟೆ, ಎರಡು ಹೆಜ್ಜೆ, ಉಪವಾಸದ ಬಾಯಿಯ ಒಣ ಉಸಿರು, ಮೂಗಿಗೆ ಮೂಗು, ಎದೆಗೆ ಎದೆ, ಮತ್ತೆ ಅದು, ಇದೆ, ನನ್ನ ಬಲಪಕ್ಕೆಗೆ ಒತ್ತಿಕೊಂಡಿದೆ, ಮೂಲೆ ಸಹಿತ ಗೊತ್ತಾಗುತ್ತದೆ, ಮುಹಮ್ಮದರ ಹಾಗೆ ತಬ್ಬುವವರಿಗೆ ಗೊತ್ತಾಗದೇ ಇರಲಾರದು, ಗೊತ್ತಾಗಲಿ, ಗೊತ್ತಾಗಿ ಹಿಂದೆ ಸರಿಯಲಿ, ಸರಿಯುವಷ್ಟು ಹೊತ್ತು ಸಿಕ್ಕಲಿ — ಹೇಳು, ತಿಳಿಯುತ್ತದಾ? ಊರಿನದೂ ಸೇರಿ ಇಪ್ಪತ್ತೆರಡು ವರ್ಷದ ದರ್ಜಿ ಕೆಲಸದಲ್ಲಿ ಸರಿಯಿಲ್ಲದ ಹೊಲಿಗೆಯನ್ನು ಸರಿಯಿದೆ ಎಂದು ಯಾವ ಗಿರಾಕಿಗೂ ಕೊಟ್ಟವನಲ್ಲ ನಾನು, ಇಲ್ಲ ಅರ್ಬಾಬ್, ಏನೂ ತಿಳಿಯುವುದಿಲ್ಲ. ವಲ್ಲಾ, ದೇವರಾಣೆ? ವಲ್ಲಾ. ಅವನು ತೋಳು ಸಡಿಲಿಸುವುದಿಲ್ಲ, ಯಾಕೆ ಸಡಿಲಿಸುವುದಿಲ್ಲ, ನನಗೆ ತಾಗಿದ್ದು ಅವನಿಗೂ ತಾಗುತ್ತಿರಬೇಕಲ್ಲ, ಅಂಗೈಯಗಲ, ಗಟ್ಟಿ, ನನ್ನ ಎದೆ ಬಡಿಯುವುದು ಅದರ ಮೂಲಕವೇ ಅವನ ಪಕ್ಕೆಗೆ ಹೋಗುತ್ತಿದೆ, ಒಂದೊಂದು ಬಡಿತವೂ, ಇಬ್ಬರ ನಡುವೆ ಅದು, ಬೆಚ್ಚಗಾಗುತ್ತಿದೆ, ಇಬ್ಬರ ನಡುವೆ, ಅದು